ನಡುವಯಸ್ಸಿನ ಮಂಕಿಗೆ ಸಮುರಾಯ್ ಪಾಠ: ಯಾವುದನ್ನು ಓದಬೇಕು, ಹೇಗೆ ಓದಬೇಕು

ಮಾನ್ಯ ಸಂಪಾದಕರೇ,

ನಲವತ್ತೈದು ದಾಟಿದವರ ಮನಸ್ಸನ್ನು ಕವಿಯುವ ಮಂಕಿನ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಈಚೆಗೆ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ದುಡಿಮೆಯಲ್ಲಿ ರುಚಿ ಕಳೆದುಕೊಂಡವರು, ಬಡ್ತಿ ತಪ್ಪಿದವರು, ಮಕ್ಕಳು ಊರು ಬಿಟ್ಟ ಮೇಲೆ ಮನೆಯಲ್ಲಿ ಸುಮ್ಮನೆ ಕುಳಿತವರು ಜಪಾನಿನ ಸಮುರಾಯ್ ಯೋಧರ ತತ್ತ್ವವನ್ನು ರೂಢಿಸಿಕೊಳ್ಳಬೇಕು, ಸಾವಿಗೂ ಅಂಜದ ಕತ್ತಿವೀರನಂತೆ ದಿನವನ್ನು ಎದುರಿಸಬೇಕು ಎಂದು ಆ ಲೇಖನ ಸಲಹೆ ನೀಡಿತ್ತು. ಸಲಹೆಯ ಹಿಂದಿರುವ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಸಮುರಾಯ್ ಬರಹಗಳಲ್ಲಿ ನಡುವಯಸ್ಸಿನವರಿಗೆ ದಕ್ಕುವಂಥದ್ದು ಬಹಳವಿದೆ ಎಂಬುದನ್ನೂ ಒಪ್ಪುತ್ತೇನೆ. ಆದರೆ ಅದು ಇರುವುದು ಲೇಖನ ತೋರಿಸಿದ ಕಡೆಯಲ್ಲಿಲ್ಲ. ಪದವಿಪೂರ್ವ ತರಗತಿಗಳಿಗೆ ಇತಿಹಾಸ ಹೇಳಿಕೊಡುವವಳಾಗಿ, ಸ್ವತಃ ಐವತ್ತನ್ನು ದಾಟಿದವಳಾಗಿ, ಈ ವಿಚಾರವನ್ನು ತುಸು ವಿವರವಾಗಿ ಬರೆಯುತ್ತಿದ್ದೇನೆ. ಪತ್ರ ದೀರ್ಘವಾಗಿದ್ದರೂ ಪ್ರಕಟಿಸಬೇಕೆಂದು ಕೋರುತ್ತೇನೆ.

ನಡುವಯಸ್ಸಿನ ಬಿಕ್ಕಟ್ಟು ಎಂಬ ಮಾತು ಚಾಲ್ತಿಗೆ ಬಂದದ್ದು 1965ರಲ್ಲಿ ಎಲಿಯಟ್ ಜಾಕ್ಸ್ ಎಂಬ ಮನೋವಿಶ್ಲೇಷಕರು ಬರೆದ ಪ್ರಬಂಧದಿಂದ. ಆ ಬಳಿಕ ಅರ್ಥಶಾಸ್ತ್ರಜ್ಞರಾದ ಡೇವಿಡ್ ಬ್ಲಾಂಚ್‌ಫ್ಲವರ್ ಮತ್ತು ಆಂಡ್ರ್ಯೂ ಆಸ್ವಾಲ್ಡ್ ಹಲವು ದೇಶಗಳ ಸಮೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿ, ಬದುಕಿನ ಬಗೆಗಿನ ತೃಪ್ತಿಯು ಯೌವನದಿಂದ ಇಳಿಯುತ್ತ ಬಂದು ನಲವತ್ತರ ದಶಕದ ಕೊನೆಯ ಹೊತ್ತಿಗೆ ತಳ ಮುಟ್ಟಿ, ಅನಂತರ ಮತ್ತೆ ಏರುತ್ತದೆ ಎಂದು ವಾದಿಸಿದರು. ಇದು ಎಲ್ಲ ಸಮಾಜಗಳಿಗೂ ಅನ್ವಯಿಸುತ್ತದೆಯೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆ ಚರ್ಚೆ ಹೇಗೇ ಇರಲಿ, ಒಂದು ಕಡೆ ಆಸ್ಪತ್ರೆಗೆ ಓಡಾಡಿಸಬೇಕಾದ ತಂದೆತಾಯಿ, ಇನ್ನೊಂದು ಕಡೆ ಕಾಲೇಜಿನ ಶುಲ್ಕ, ಇವೆರಡರ ನಡುವೆ ತನ್ನ ಕೆಲಸದಲ್ಲಿ ಹೊಸದೇನೂ ಇನ್ನು ಘಟಿಸದು ಎಂಬ ಭಾವ, ಇವುಗಳನ್ನು ಅರಿಯದ ಮನೆ ನಮ್ಮಲ್ಲಿ ಅಪರೂಪ.

ಈಗ ಸಮುರಾಯ್‌ಗಳ ವಿಷಯಕ್ಕೆ ಬರುತ್ತೇನೆ. ಜಪಾನಿನಲ್ಲಿ 1600ರ ಸೆಕಿಗಹಾರಾ ಕದನ, 1615ರಲ್ಲಿ ಒಸಾಕಾ ಕೋಟೆಯ ಪತನ, ಇವೆರಡರ ಬಳಿಕ ತೊಕುಗಾವಾ ಮನೆತನದ ಆಳ್ವಿಕೆ ಭದ್ರವಾಗಿ, 1637–38ರ ಶಿಮಾಬಾರಾ ದಂಗೆಯನ್ನು ಬಿಟ್ಟರೆ, ಇನ್ನೂರು ವರ್ಷಕ್ಕೂ ಮೀರಿ ದೊಡ್ಡ ಯುದ್ಧವೇ ನಡೆಯಲಿಲ್ಲ. ಯುದ್ಧಕ್ಕೆಂದೇ ಬೆಳೆದ ಒಂದು ಇಡೀ ವರ್ಗಕ್ಕೆ ಕೆಲಸವಿಲ್ಲದಂತಾಯಿತು. ಸೋತ ಒಡೆಯರ ಯೋಧರು ಆಶ್ರಯವಿಲ್ಲದೆ ಊರೂರು ಅಲೆದರು. ಆಶ್ರಯ ಉಳಿಸಿಕೊಂಡವರು ಕೋಟೆಯ ಊರುಗಳಲ್ಲಿ ಲೆಕ್ಕ ಬರೆಯುವ, ಉಗ್ರಾಣ ಕಾಯುವ, ಕಡತ ನೋಡುವ ಗುಮಾಸ್ತರಾದರು. ಅಕ್ಕಿಯ ಅಳತೆಯಲ್ಲಿ ನಿಗದಿಯಾಗಿದ್ದ ವೇತನ ತಲೆಮಾರುಗಳು ಕಳೆದರೂ ಹೆಚ್ಚದೆ, ಕೆಳದರ್ಜೆಯ ಯೋಧರು ಕೊಡೆ ಕಟ್ಟಿ, ಹೂಗಿಡ ಬೆಳೆಸಿ ಜೀವನ ಸಾಗಿಸಿದರು. ಇಂದಿನ ಟೋಕಿಯೊ ನಗರದ ಒಕುಬೊ ಭಾಗದಲ್ಲಿ ನೆಲೆಸಿದ್ದ ಬಂದೂಕು ಪಡೆಯವರು ಅಜೇಲಿಯಾ ಗಿಡಗಳನ್ನು ಬೆಳೆಸಿ ಹೆಸರಾದರೆಂಬುದು ಅವರ ಯುದ್ಧಗಳಷ್ಟೇ ನಿಜವಾದ ಇತಿಹಾಸ. ಸಮುರಾಯ್ ತತ್ತ್ವವೆಂದು ನಾವು ಇಂದು ಓದುವ ಗ್ರಂಥಗಳಲ್ಲಿ ಮುಖ್ಯವಾದವು ಹುಟ್ಟಿದ್ದು ಈ ಕಾಲದಲ್ಲಿ. ಅವುಗಳನ್ನು ಬರೆದವರು ಅಥವಾ ಹೇಳಿ ಬರೆಯಿಸಿದವರು ನಲವತ್ತು, ಐವತ್ತು, ಅರವತ್ತು ದಾಟಿದವರು. ತಾವು ಕಲಿತ ವಿದ್ಯೆಯ ಉಪಯೋಗ ತಮ್ಮ ಕಣ್ಣೆದುರೇ ಕುಗ್ಗುವುದನ್ನು ಕಂಡವರು. ನಿಮ್ಮ ಲೇಖಕರು ಇದೊಂದನ್ನು ಗಮನಕ್ಕೆ ತಂದಿದ್ದರೆ ಅವರ ಸಲಹೆಯ ದಿಕ್ಕೇ ಬೇರೆಯಾಗುತ್ತಿತ್ತೆಂದು ನನಗೆ ತೋರುತ್ತದೆ.

ಮಿಯಾಮೊಟೊ ಮುಸಾಶಿಯನ್ನೇ ನೋಡಿ. ಸುಮಾರು 1584ರಲ್ಲಿ ಹುಟ್ಟಿದ ಈತ ಹದಿಮೂರನೆಯ ವಯಸ್ಸಿನಿಂದ ಇಪ್ಪತ್ತೊಂಬತ್ತರ ತನಕ ಅರವತ್ತಕ್ಕೂ ಹೆಚ್ಚು ದ್ವಂದ್ವಗಳಲ್ಲಿ ಹೋರಾಡಿ ಒಂದರಲ್ಲೂ ಸೋಲಲಿಲ್ಲವೆಂದು ತಾನೇ ಬರೆದುಕೊಂಡಿದ್ದಾನೆ. 1612ರಲ್ಲಿ ಪುಟ್ಟ ದ್ವೀಪವೊಂದರಲ್ಲಿ ಸಾಸಾಕಿ ಕೊಜಿರೊ ಎಂಬ ಪ್ರಸಿದ್ಧ ಕತ್ತಿಗಾರನನ್ನು ಕೊಂದದ್ದು ಜನ ಇಂದಿಗೂ ಹೇಳುವ ಕಥೆ. ಸಾಮಾನ್ಯವಾಗಿ ಪ್ರೇರಣೆಯ ಮಾತುಗಳನ್ನಾಡುವವರು ಇಲ್ಲಿಗೇ ನಿಲ್ಲುತ್ತಾರೆ. ಮುಸಾಶಿ ಮಾತ್ರ ಇಲ್ಲಿಂದ ಆರಂಭಿಸುತ್ತಾನೆ. ಮೂವತ್ತು ದಾಟಿದ ಮೇಲೆ ಹಿಂದಿರುಗಿ ನೋಡಿದಾಗ, ತಾನು ಗೆದ್ದದ್ದು ವಿದ್ಯೆಯಲ್ಲಿ ಪಾರಂಗತನಾಗಿದ್ದರಿಂದ ಇರಲಾರದು, ಹುಟ್ಟಿನಿಂದ ಬಂದ ಚುರುಕೋ ಎದುರಾಳಿಗಳ ವಿದ್ಯೆಯಲ್ಲಿದ್ದ ಕೊರತೆಯೋ ಅದಕ್ಕೆ ಕಾರಣವಾಗಿರಬಹುದು ಎಂದು ಅವನಿಗೆ ಹೊಳೆಯಿತಂತೆ. ಆಮೇಲೆ ಬೆಳಗೂ ಸಂಜೆಯೂ ಅಭ್ಯಾಸ ಮಾಡುತ್ತ ಹೋಗಿ, ಐವತ್ತರ ಸುಮಾರಿಗೆ ತನಗೆ ದಾರಿ ತಿಳಿಯಿತು ಎನ್ನುತ್ತಾನೆ. ಲೋಕ ಹೊಗಳುವ ಗೆಲುವುಗಳೆಲ್ಲ ಮೂವತ್ತರ ಒಳಗೆ ಮುಗಿದಿದ್ದವು. ಅವನ ಲೆಕ್ಕದಲ್ಲಿ ನಿಜವಾದ ಕಲಿಕೆ ನಡೆದದ್ದು ಹಾಡಿ ಹೊಗಳುವಂಥದ್ದೇನೂ ಘಟಿಸದ ಮುಂದಿನ ಇಪ್ಪತ್ತು ವರ್ಷಗಳಲ್ಲಿ.

ಆ ಇಪ್ಪತ್ತು ವರ್ಷಗಳು ಸುಖದವೂ ಆಗಿರಲಿಲ್ಲ. ಇಷ್ಟು ಹೆಸರಾದ ಕತ್ತಿಗಾರನಿಗೆ ಯಾವ ಒಡೆಯನ ಬಳಿಯೂ ತಕ್ಕ ನೆಲೆ ಸಿಗಲಿಲ್ಲ. ಅವನ ದತ್ತುಮಗ ಮಿಕಿನೊಸುಕೆ 1626ರಲ್ಲಿ ತನ್ನ ಒಡೆಯ ತೀರಿಕೊಂಡಾಗ ತಾನೂ ಪ್ರಾಣ ಬಿಟ್ಟ. ಶಿಮಾಬಾರಾ ದಂಗೆಯನ್ನು ಅಡಗಿಸಲು ಹೋದಾಗ ಮುಸಾಶಿಗೆ ಐವತ್ತು ದಾಟಿತ್ತು. ಅಲ್ಲಿ ಕೋಟೆಯ ಮೇಲಿಂದ ಬಂದ ಕಲ್ಲಿನ ಪೆಟ್ಟು ಅವನ ಕಾಲಿಗೆ ಬಿತ್ತು. 1640ರಲ್ಲಿ ಕುಮಾಮೊಟೊದ ಹೊಸೊಕಾವಾ ತಾದಾತೋಶಿ ಅತಿಥಿಯಾಗಿ ಬರಮಾಡಿಕೊಂಡ ಮೇಲೆ ಒಂದು ನೆಲೆ ದೊರೆಯಿತಾದರೂ ಮರುವರ್ಷವೇ ಆ ಒಡೆಯನೂ ತೀರಿಕೊಂಡ. 1643ರಲ್ಲಿ ಕುಮಾಮೊಟೊ ಸಮೀಪದ ರೇಗಾಂಡೊ ಗುಹೆಯೊಂದಿಗೆ ಹೆಸರು ಬೆಸೆದುಕೊಂಡಿರುವ ತನ್ನ ಐದು ಸಂಪುಟಗಳ ಬರಹಕ್ಕೆ ಅವನು ಕೈಹಾಕಿದ್ದು ಇಷ್ಟೆಲ್ಲ ಆದ ನಂತರ. ಭೂಮಿ, ನೀರು, ಬೆಂಕಿ, ಗಾಳಿ, ಶೂನ್ಯ ಎಂಬ ಆ ಐದು ಸಂಪುಟಗಳಲ್ಲಿ ನೀರಿನ ಸಂಪುಟದ ಕೊನೆಯ ಭಾಗದಲ್ಲಿ ಒಂದು ಮಾತಿದೆ: ಸಾವಿರ ದಿನದ ಅಭ್ಯಾಸ ಕಬ್ಬಿಣವನ್ನು ಕಾಯಿಸಿ ಬಡಿಯುವುದಕ್ಕೆ, ಹತ್ತು ಸಾವಿರ ದಿನದ ಅಭ್ಯಾಸ ಅದನ್ನು ಹದಗೊಳಿಸುವುದಕ್ಕೆ. ಸಾವಿರ ದಿನವೆಂದರೆ ಮೂರು ವರ್ಷಕ್ಕೆ ತುಸು ಕಡಿಮೆ. ಹತ್ತು ಸಾವಿರ ದಿನವೆಂದರೆ ಇಪ್ಪತ್ತೇಳು ವರ್ಷಕ್ಕೆ ಮೇಲೆ. ನಲವತ್ತೈದರಲ್ಲಿ ಒಂದು ವಿದ್ಯೆಗೆ ಕೈಹಾಕಿದವರು ನಲವತ್ತೆಂಟಕ್ಕೆ ಮೊದಲ ಘಟ್ಟವನ್ನು ಮುಗಿಸಬಹುದು, ಎಪ್ಪತ್ತೆರಡು ದಾಟುವ ಹೊತ್ತಿಗೆ ಎರಡನೆಯದನ್ನೂ ಕಾಣಬಹುದು. ಇನ್ನೇನು ಮುಗಿಯಿತು ಎಂದುಕೊಳ್ಳುವ ಮನಸ್ಸಿಗೆ ಈ ಲೆಕ್ಕ ಒಂದು ಅಗಲವಾದ ಬಯಲನ್ನು ತೆರೆದು ತೋರಿಸುತ್ತದೆ. ಮುಸಾಶಿಯ ಬರಹದಲ್ಲಿ ನನಗೆ ಅತ್ಯಂತ ಉಪಯುಕ್ತವೆನಿಸಿದ್ದು ಇದು.

1645ರಲ್ಲಿ, ಸಾಯುವುದಕ್ಕೆ ಒಂದು ವಾರ ಮುಂಚೆ, ಮುಸಾಶಿ ಇಪ್ಪತ್ತೊಂದು ಸಾಲಿನ ಒಂದು ಸಣ್ಣ ಪಟ್ಟಿ ಬರೆದ. ಮಾಡಿದ್ದಕ್ಕೆ ಪಶ್ಚಾತ್ತಾಪ ಪಡುವುದಿಲ್ಲ ಎಂಬುದೂ ಒಳಿತಿನಲ್ಲಿ ಕೆಡುಕಿನಲ್ಲಿ ಪರರನ್ನು ಕಂಡು ಕರುಬುವುದಿಲ್ಲ ಎಂಬುದೂ ಅದರಲ್ಲಿವೆ. ನಡುವಯಸ್ಸನ್ನು ಕೊರೆಯುವ ಹುಳುಗಳು ಇವೆರಡೇ ಎಂದು ನಾನು ನಂಬುತ್ತೇನೆ: ಆಗ ಬೇರೆ ದಾರಿ ಹಿಡಿಯಬೇಕಿತ್ತು ಎಂಬ ಹಳಹಳಿ, ಜೊತೆಗೆ ಓದಿದವರು ಎಲ್ಲಿಗೋ ತಲುಪಿದರು ಎಂಬ ಸಂಕಟ. ಅರವತ್ತು ದಾಟಿ ಸಾವಿನಂಚಿನಲ್ಲಿದ್ದವನೂ ಇವನ್ನು ಕಾಗದದ ಮೇಲೆ ಬರೆದಿಟ್ಟುಕೊಂಡನೆಂದರೆ, ಇವು ಒಮ್ಮೆ ನಿರ್ಧರಿಸಿದ ಮಾತ್ರಕ್ಕೆ ಬಿಟ್ಟುಹೋಗುವಂಥವಲ್ಲ ಎಂಬುದು ಅವನಿಗೂ ಗೊತ್ತಿದ್ದಿರಬೇಕು.

ಎರಡನೆಯ ಗ್ರಂಥದ ವಿಷಯದಲ್ಲಿ ನನಗೆ ಆತಂಕವಿದೆ. ಈ ಪತ್ರ ಬರೆಯಲು ಮುಖ್ಯ ಕಾರಣವೂ ಅದೇ. ಯೋಧನ ದಾರಿ ಇರುವುದು ಸಾವಿನಲ್ಲಿ ಎಂಬ ಅರ್ಥದ ಸಾಲನ್ನು ನಿಮ್ಮ ಲೇಖನ ದಪ್ಪಕ್ಷರದಲ್ಲಿ ಅಚ್ಚುಮಾಡಿತ್ತು. ಆ ಸಾಲು ಹಾಗಾಕುರೆ ಎಂಬ ಗ್ರಂಥದ್ದು. ಅದನ್ನು ಹೇಳಿ ಬರೆಯಿಸಿದ ಯಾಮಾಮೊಟೊ ತ್ಸುನೆತೊಮೊ 1659ರಲ್ಲಿ ಸಾಗಾ ಪ್ರಾಂತದಲ್ಲಿ ಹುಟ್ಟಿದವನು. ಬಾಲ್ಯದಲ್ಲಿ ರೋಗಿಷ್ಠನಾಗಿದ್ದ ಅವನು ಬೆಳೆದು ಒಡೆಯನ ಬಳಿ ಬರಹ ಮತ್ತು ಪುಸ್ತಕಗಳಿಗೆ ಸಂಬಂಧಿಸಿದ ಕೆಲಸಗಳನ್ನು ಮಾಡಿಕೊಂಡಿದ್ದ. ಯುದ್ಧವನ್ನು ಒಮ್ಮೆಯೂ ಕಂಡವನಲ್ಲ. ಕಾವ್ಯಪ್ರಿಯನಾದ ಒಡೆಯ ಬಯಸಿದ್ದ ಕವಿತಾ ಪರಂಪರೆಯ ಹಸ್ತಪ್ರತಿಗಳನ್ನು ಕ್ಯೋಟೊದಿಂದ ತಂದೊಪ್ಪಿಸಿದ್ದು ಅವನ ಸೇವೆಯ ದೊಡ್ಡ ಘಟನೆ. 1700ರಲ್ಲಿ ಆ ಒಡೆಯ ನಾಬೆಶಿಮಾ ಮಿತ್ಸುಶಿಗೆ ತೀರಿಕೊಂಡಾಗ, ಹಿಂದಿನವರಂತೆ ಒಡೆಯನ ಹಿಂದೆ ಪ್ರಾಣ ಬಿಡಲು ತ್ಸುನೆತೊಮೊಗೆ ಅವಕಾಶವಿರಲಿಲ್ಲ. ಆ ಪದ್ಧತಿಯನ್ನು ಸ್ವತಃ ಮಿತ್ಸುಶಿಗೆಯೇ ತನ್ನ ಪ್ರಾಂತದಲ್ಲಿ ನಿಷೇಧಿಸಿದ್ದ, 1663ರಲ್ಲಿ ಕೇಂದ್ರದ ಆಳ್ವಿಕೆಯೂ ನಿಷೇಧಿಸಿತ್ತು. ಒಡೆಯನೊಂದಿಗೆ ಸಾಯುವ ಈ ವಾಡಿಕೆ ಕನ್ನಡಿಗರಿಗೆ ಅಪರಿಚಿತವೇನಲ್ಲ. ನಮ್ಮ ಶಾಸನಗಳಲ್ಲಿ ವೇಳೆವಾಳಿಗಳೂ ಗರುಡರೂ ಬರುತ್ತಾರೆ. ಹೊಯ್ಸಳ ಎರಡನೆಯ ಬಲ್ಲಾಳನಿಗಾಗಿ ಮಡಿದ ಕುವರ ಲಕ್ಷ್ಮನ ಸ್ತಂಭ ಹಳೇಬೀಡಿನಲ್ಲಿ ಇಂದಿಗೂ ನಿಂತಿದೆ. ಆ ಸ್ತಂಭದೆದುರು ನಿಂತು ತಲೆಬಾಗುವವರು ಯಾರೂ ಅದರಿಂದ ಇಂದಿನ ನೌಕರನಿಗೆ ಬದುಕಿನ ಸೂತ್ರ ಹೆಕ್ಕಿಕೊಡುವುದಿಲ್ಲ. ಜಪಾನಿನ ಸಾಲಿಗೂ ಅಷ್ಟೇ ಎಚ್ಚರ ಬೇಕು.

ತ್ಸುನೆತೊಮೊ ಸಾಯಲಿಲ್ಲ, ನಲವತ್ತರ ಆರಂಭದಲ್ಲಿ ತಲೆ ಬೋಳಿಸಿಕೊಂಡು ಊರಾಚೆಯ ಗುಡಿಸಲು ಸೇರಿದ. 1710ರಿಂದ ತಾಶಿರೊ ತ್ಸುರಾಮೊಟೊ ಎಂಬ ಕಿರಿಯ ಯೋಧ, ತಾನೂ ಹುದ್ದೆ ಕಳೆದುಕೊಂಡಿದ್ದವನು, ಅಲ್ಲಿಗೆ ಹೋಗಿ ಅವನ ಮಾತುಗಳನ್ನು ಬರೆದುಕೊಳ್ಳತೊಡಗಿದ. ಸುಮಾರು ಆರೇಳು ವರ್ಷಗಳಲ್ಲಿ ಹಾಗಾಕುರೆ ಸಿದ್ಧವಾಯಿತು. ಕೆಲಸವಿಲ್ಲದ ಇಬ್ಬರ ಮಾತುಕತೆ ಅದು. ಸಾವಿನ ಸಾಲನ್ನು ಅದರಿಂದ ಕಿತ್ತು ಇಪ್ಪತ್ತನೆಯ ಶತಮಾನದ ಮಹಾಯುದ್ಧದ ಕಾಲದಲ್ಲಿ ಎಳೆಯ ಸೈನಿಕರ ಮುಂದೆ ಹಿಡಿಯಲಾಯಿತು, ಅದರ ಪರಿಣಾಮ ಲೋಕಕ್ಕೆ ತಿಳಿದಿದೆ. ಅದೇ ಗ್ರಂಥದ ಇನ್ನೊಂದು ಕಡೆ ತ್ಸುನೆತೊಮೊ, ಮನುಷ್ಯನ ಬದುಕು ತೀರಾ ಚಿಕ್ಕದು, ತನಗೆ ಇಷ್ಟವಾದದ್ದನ್ನು ಮಾಡಿಕೊಂಡು ಬಾಳಬೇಕು, ತನಗಂತೂ ನಿದ್ದೆ ಮಾಡುವುದು ಇಷ್ಟ ಎನ್ನುತ್ತಾನೆ. ತಪ್ಪಾಗಿ ತಿಳಿದುಕೊಂಡಾರು ಎಂಬ ಕಾರಣಕ್ಕೆ ಈ ಮಾತನ್ನು ಎಳೆಯರಿಗೆ ಹೇಳುವುದಿಲ್ಲ ಎಂದೂ ಸೇರಿಸುತ್ತಾನೆ. ಮಳೆಯಲ್ಲಿ ಸಿಕ್ಕಿಬಿದ್ದವನು ಸೂರುಗಳ ಕೆಳಗೆ ಓಡಿದರೂ ನೆನೆಯುತ್ತಾನೆ, ನೆನೆಯುವುದು ಖಚಿತವೆಂದು ಮೊದಲೇ ಮನಸ್ಸು ಮಾಡಿಕೊಂಡವನು ನೆನೆದರೂ ಕಂಗೆಡುವುದಿಲ್ಲ ಎಂಬ ಮಾತೂ ಅವನದೇ. ಹಿರಿಯ ಕತ್ತಿಗಾರನೊಬ್ಬನ ಹೆಸರಿನಲ್ಲಿ ಅವನು ಹೇಳುವ ಪ್ರಕಾರ, ಪರರನ್ನು ಗೆಲ್ಲುವ ದಾರಿ ತಿಳಿಯದು, ತನ್ನನ್ನು ಗೆಲ್ಲುವ ದಾರಿ ತಿಳಿದಿದೆ. ನಿನ್ನೆಗಿಂತ ಇಂದು, ಇಂದಿಗಿಂತ ನಾಳೆ ತುಸು ನುರಿತವನಾಗುತ್ತ ಜೀವನದುದ್ದಕ್ಕೂ ಸಾಗಬೇಕು. ಮಂಕು ಕವಿದು ಕುಳಿತವರಿಗೆ ಕೊಡಬಹುದಾದ ಸಾಲುಗಳು ಇವು. ಬದುಕು ಭಾರವಾಗಿದೆ ಎಂದು ಈಗಾಗಲೇ ಒಳಗೊಳಗೆ ಕುದಿಯುತ್ತಿರುವ ಓದುಗರ ಕೈಗೆ ಸಾವಿನ ಸಾಲನ್ನು ದಪ್ಪಕ್ಷರದಲ್ಲಿ ಕೊಡುವುದು ಅಪಾಯ. ಇದನ್ನು ನಾನು ಬಹಳ ಗಂಭೀರವಾಗಿ ಹೇಳುತ್ತಿದ್ದೇನೆ.

ಮೂರನೆಯದಾಗಿ ಹೇಳಬೇಕಾದವರು ಇಬ್ಬರಿದ್ದಾರೆ: ಷೋಗುನ್ನರಿಗೆ, ಅಂದರೆ ಜಪಾನನ್ನು ಆಳುತ್ತಿದ್ದ ತೊಕುಗಾವಾ ಸೇನಾಧಿಪತಿಗಳಿಗೆ, ಕತ್ತಿವಿದ್ಯೆ ಕಲಿಸಿದ ಯಾಗ್ಯೂ ಮುನೆನೊರಿ, ಅವನಿಗೆ ಪತ್ರರೂಪದಲ್ಲಿ ಉಪದೇಶ ಬರೆದ ಝೆನ್ ಪಂಥದ ಬೌದ್ಧ ಸನ್ಯಾಸಿ ತಾಕುವಾನ್ ಸೋಹೊ. ಎದುರಾಳಿಯ ಕತ್ತಿಯ ಮೇಲೆ ಮನಸ್ಸು ನಿಂತರೆ ಅಲ್ಲೇ ಸೋಲು, ತನ್ನ ಕತ್ತಿಯ ಮೇಲೆ ನಿಂತರೂ ಸೋಲು, ಸೋಲಬಾರದು ಎಂಬ ಯೋಚನೆಯ ಮೇಲೆ ನಿಂತರೂ ಸೋಲು ಎಂಬುದು ತಾಕುವಾನ್ ಹೇಳುವುದರ ಸಾರ. ಅದಕ್ಕೆ ಅವನು ಕೊಡುವ ನಿದರ್ಶನ ಸಾವಿರ ಕೈಗಳ ಬೋಧಿಸತ್ತ್ವ ಅವಲೋಕಿತೇಶ್ವರ: ಬಿಲ್ಲು ಹಿಡಿದ ಒಂದು ಕೈಯಲ್ಲಿ ಮನಸ್ಸು ನಿಂತುಬಿಟ್ಟರೆ ಮಿಕ್ಕ ಒಂಬೈನೂರ ತೊಂಬತ್ತೊಂಬತ್ತು ಕೈಗಳಿದ್ದೂ ಉಪಯೋಗವಿಲ್ಲ. (ಮಂಗಳೂರಿನ ಕದ್ರಿ ದೇವಾಲಯದಲ್ಲಿ 968ರ ಶಾಸನವುಳ್ಳ ಲೋಕೇಶ್ವರನ ಕಂಚಿನ ಮೂರ್ತಿಯನ್ನು ಕಂಡವರಿಗೆ ಈ ಬೋಧಿಸತ್ತ್ವ ಹೊರಗಿನವನೆನಿಸದು.) ಕೈತಪ್ಪಿದ ಒಂದು ಬಡ್ತಿ, ಮುರಿದ ಒಂದು ಸಂಬಂಧ, ಮೇಲಧಿಕಾರಿ ಎಲ್ಲರೆದುರು ಆಡಿದ ಒಂದು ಮಾತು, ಇವುಗಳ ಮೇಲೆ ಮನಸ್ಸು ವರ್ಷಗಟ್ಟಲೆ ನಿಂತುಬಿಡುವುದನ್ನು ನಮ್ಮ ಸುತ್ತಲೇ ನೋಡುತ್ತೇವೆ; ಅಂಥವರ ಮಿಕ್ಕ ಕೈಗಳಿಗೆ, ಅಂದರೆ ಅವರ ಮಕ್ಕಳು, ಗೆಳೆಯರು, ಹವ್ಯಾಸಗಳು, ಊರಿನ ಕೆಲಸಗಳಿಗೆ ಜೀವವೇ ಹರಿಯದು. ಮುನೆನೊರಿ 1632ರಲ್ಲಿ ಪೂರೈಸಿದ ತನ್ನ ಮನೆತನದ ಗ್ರಂಥದಲ್ಲಿ ಇದನ್ನೇ ಇನ್ನಷ್ಟು ಮುಂದುವರಿಸಿ, ಗೆಲ್ಲಲೇಬೇಕೆಂಬ ಒಂದೇ ಯೋಚನೆ ಕಾಯಿಲೆ, ಕಲಿತದ್ದನ್ನೆಲ್ಲ ತೋರಿಸಬೇಕೆಂಬುದು ಕಾಯಿಲೆ, ಈ ಕಾಯಿಲೆಗಳನ್ನೆಲ್ಲ ತೊಡೆದುಹಾಕಬೇಕೆಂಬ ಒಂದೇ ಯೋಚನೆಯೂ ಕಾಯಿಲೆಯೇ ಎಂದು ಬರೆದ. ನನ್ನ ಮಂಕು ಯಾವಾಗ ಹರಿಯುತ್ತದೆ ಎಂದು ದಿನವೂ ಮನಸ್ಸನ್ನು ತಪಾಸಣೆ ಮಾಡಿಕೊಳ್ಳುವವರಿಗೆ, ಬೆಳಗಿನ ಐದು ಗಂಟೆಯ ತಣ್ಣೀರು ಸ್ನಾನದಿಂದ ಹಿಡಿದು ದಿನಚರಿಯ ಪಟ್ಟಿಗಳವರೆಗೆ ಒಂದಾದ ಮೇಲೊಂದು ಉಪಾಯ ಹುಡುಕಿ ದಣಿದವರಿಗೆ, ಈ ಕೊನೆಯ ಮಾತು ನಿಜವಾದ ಬಿಡುಗಡೆ.

ಬುಶಿದೊ ಎಂದರೆ ಸಾವಿರ ವರ್ಷ ಮುರಿಯದೆ ಬಂದ ಒಂದೇ ನೀತಿಸಂಹಿತೆ ಎಂಬಂತೆ ಲೇಖನದಲ್ಲಿದ್ದ ಮಾತನ್ನೂ ತಿದ್ದಬೇಕಾಗಿದೆ. ಆ ಹೆಸರನ್ನು ಲೋಕಕ್ಕೆಲ್ಲ ಪರಿಚಯಿಸಿದ ಪುಸ್ತಕವನ್ನು ನಿತೊಬೆ ಇನಾಜೊ ಇಂಗ್ಲಿಷಿನಲ್ಲಿ ಬರೆದರು. 1900ರ ಹೊತ್ತಿಗೆ ಅದು ಅಮೆರಿಕದಲ್ಲಿ ಪ್ರಕಟವಾಯಿತು. 1862ರಲ್ಲಿ ಮೊರಿಯೊಕಾದ ಸಮುರಾಯ್ ಮನೆತನದಲ್ಲಿ ಹುಟ್ಟಿದ ಅವರು ಹದಿಮೂರು ವರ್ಷದವರಿದ್ದಾಗ, 1876ರಲ್ಲಿ, ಸರ್ಕಾರ ಸಮುರಾಯ್‌ಗಳು ಕತ್ತಿ ಧರಿಸುವುದನ್ನು ನಿಷೇಧಿಸಿ ಅವರ ವೇತನವನ್ನೂ ಕೊನೆಗೊಳಿಸಿತು. ಮುಂದೆ ಸಪ್ಪೊರೊದ ಕೃಷಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ ಅತಿಯಾಗಿ ದುಡಿದು, ಹಸುಗೂಸನ್ನು ಕಳೆದುಕೊಂಡು, ದೇಹ ಮತ್ತು ಮನಸ್ಸು ಎರಡೂ ಕುಸಿದು, ಕೆಲಸ ಬಿಟ್ಟು ಕ್ಯಾಲಿಫೋರ್ನಿಯಾದಲ್ಲಿ ವಿಶ್ರಾಂತಿ ಪಡೆಯುತ್ತಿದ್ದಾಗ ಬರೆದ ಪುಸ್ತಕ ಅದು. ಆಗ ಅವರಿಗೆ ಮೂವತ್ತೇಳರ ಆಸುಪಾಸು. ಅವರು ಚಿತ್ರಿಸಿದ ಯೋಧಧರ್ಮ ಎಷ್ಟರಮಟ್ಟಿಗೆ ಚಾರಿತ್ರಿಕ ಎಂದು ವಿದ್ವಾಂಸರು ಪ್ರಶ್ನಿಸಿದ್ದಾರೆ, ಪ್ರಶ್ನಿಸಬೇಕಾದದ್ದೇ. ಆದರೆ ಕುಸಿದ ಆ ಮನುಷ್ಯ ಮೊದಲು ಕೆಲಸ ನಿಲ್ಲಿಸಿದರು, ವಿಶ್ರಾಂತಿ ಪಡೆದರು, ಮತ್ತೆ ಎದ್ದು 1920ರ ದಶಕದಲ್ಲಿ ರಾಷ್ಟ್ರಸಂಘದ ಉಪ ಮಹಾಕಾರ್ಯದರ್ಶಿಯಾದರು ಎಂಬುದು, ಹಲ್ಲು ಕಚ್ಚಿ ಮುನ್ನುಗ್ಗಿ ಎಂದು ಹೇಳುವವರು ನೆನಪಿಡಬೇಕಾದ ಸಂಗತಿ.

ಹುಟ್ಟಿನಿಂದ ಯೋಧನಲ್ಲದ ಒಬ್ಬನನ್ನೂ ಇಲ್ಲಿ ನೆನೆಯುತ್ತೇನೆ. ಸಾವಾರಾ ಊರಿನ ಸಾಕೆ (ಅಕ್ಕಿಯ ಮದ್ಯ) ವ್ಯಾಪಾರಿ ಇನೊ ತಾದಾತಾಕಾ ಐವತ್ತರ ಅಂಚಿನಲ್ಲಿ ಮನೆಯ ಯಜಮಾನಿಕೆಯನ್ನು ಮಗನಿಗೊಪ್ಪಿಸಿ, ಎಡೊ (ಇಂದಿನ ಟೋಕಿಯೊ) ನಗರಕ್ಕೆ ಹೋಗಿ, ತನಗಿಂತ ಹತ್ತೊಂಬತ್ತು ವರ್ಷ ಕಿರಿಯನಾದ ತಾಕಾಹಾಶಿ ಯೋಶಿತೊಕಿಯ ಶಿಷ್ಯನಾಗಿ ಖಗೋಳಶಾಸ್ತ್ರ ಕಲಿತ. 1800ರಲ್ಲಿ, ಐವತ್ತೈದರ ವಯಸ್ಸಿನಲ್ಲಿ, ಜಪಾನಿನ ಕರಾವಳಿಯನ್ನು ಅಳೆಯಲು ಹೊರಟ. ಆ ಅಳತೆ ನಡೆದದ್ದು ಹದಿನೇಳು ವರ್ಷ. ಅವನು 1818ರಲ್ಲಿ ತೀರಿಕೊಂಡ ಮೇಲೆ 1821ರಲ್ಲಿ ಶಿಷ್ಯರು ನಕ್ಷೆಯನ್ನು ಪೂರ್ಣಗೊಳಿಸಿ ಆಳ್ವಿಕೆಗೆ ಒಪ್ಪಿಸಿದರು. ಆ ನಡುವೆ ಆಳ್ವಿಕೆ ಅವನನ್ನು ತನ್ನ ಸೇವೆಗೂ ಸೇರಿಸಿಕೊಂಡಿತ್ತು. ಕಿರಿಯರ ಮುಂದೆ ಕುಳಿತು ಕಲಿಯುವ ಧೈರ್ಯಕ್ಕೆ ನಮ್ಮ ಸಮಾಜ ಇನ್ನೂ ತಕ್ಕ ಬೆಲೆ ಕೊಡುತ್ತಿಲ್ಲ. ಅದೇ ಪಾಠವನ್ನು ಅವೇ ಮಾತುಗಳಲ್ಲಿ ವರ್ಷವರ್ಷವೂ ಹೇಳುವ ಬೇಸರ ನನ್ನನ್ನೂ ಹಿಂಡತೊಡಗಿದಾಗ, ಶಾಸನಗಳ ಹಳೆಯ ಲಿಪಿ ಓದುವುದನ್ನು ನಾನು ಒಬ್ಬ ಎಳೆಯ ಸಂಶೋಧನಾ ವಿದ್ಯಾರ್ಥಿನಿಯಿಂದ ಕಲಿಯಲು ಆರಂಭಿಸಿದೆ. ಬಳ್ಳಿಗಾವೆಯ ಶಾಸನಗಳ ಪಡಿಯಚ್ಚುಗಳ ಮುಂದೆ ಕುಳಿತು ಒಂದು ಸಾಲಿಗೆ ಒಂದು ಸಂಜೆ ಕಳೆಯುವುದುಂಟು. ಬೇಸರ ಮಾಯವಾಯಿತೆಂದು ಹೇಳಲಾರೆ; ಆದರೆ ತರಗತಿಯಲ್ಲಿ ಚಾಲುಕ್ಯರ ಪಾಠ ಬಂದಾಗ ಹೇಳಲು ನನ್ನದೇ ಆದ ಮಾತುಗಳು ಈಗ ಇವೆ, ಮಕ್ಕಳು ಅದನ್ನು ಗುರುತಿಸುತ್ತಾರೆ.

ಈ ಎಲ್ಲ ಬರಹಗಳ ಮಿತಿಯನ್ನೂ ಹೇಳಬೇಕು. ನಿದ್ದೆ ಹತ್ತದಿರುವುದು, ಊಟ ಸೇರದಿರುವುದು, ವಾರಗಟ್ಟಲೆ ಯಾವುದರಲ್ಲೂ ಮನಸ್ಸು ನಿಲ್ಲದಿರುವುದು, ಸತ್ತರೆ ಒಳ್ಳೆಯದೆಂಬ ಯೋಚನೆ ಸುಳಿಯುವುದು, ಇವು ಖಿನ್ನತೆಯ ಲಕ್ಷಣಗಳು, ಚಿಕಿತ್ಸೆಯಿಂದ ಗುಣವಾಗುವಂಥವು. ಇದಕ್ಕೆ ಶಿಸ್ತಿನ ಕೊರತೆಯೆಂದು ಹೆಸರಿಟ್ಟು ಯೋಧನಂತೆ ಎದ್ದು ನಿಲ್ಲು ಎಂದು ಹೇಳುವುದು ಕ್ರೌರ್ಯ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತವಾಗಿ, ಕನ್ನಡದಲ್ಲಿಯೂ ದೊರೆಯುತ್ತದೆ. ಅದರ ಉನ್ನತ ಮಾರ್ಗದರ್ಶಕ ಸಂಸ್ಥೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್.

ತಮ್ಮಲ್ಲಿ ನನ್ನ ವಿನಂತಿಗಳು ಹೀಗಿವೆ. ನಡುವಯಸ್ಸು, ಬೇಸರ, ಖಿನ್ನತೆ ಕುರಿತ ಪ್ರತಿ ಬರಹದ ಕೆಳಗೆ ಆ ಸಹಾಯವಾಣಿಯ ಸಂಖ್ಯೆಯನ್ನು ತಪ್ಪದೆ ಅಚ್ಚುಮಾಡಿ. ಪರದೇಶದ ತತ್ತ್ವವನ್ನು ಓದುಗರಿಗೆ ಸಲಹೆಯಾಗಿ ಕೊಡುವಾಗ ಅದನ್ನು ಯಾರು, ಯಾವ ವಯಸ್ಸಿನಲ್ಲಿ, ಎಂಥ ಪರಿಸ್ಥಿತಿಯಲ್ಲಿ ಹೇಳಿದರು ಎಂಬ ಎರಡು ಸಾಲನ್ನಾದರೂ ಬರೆಯುವಂತೆ ಅಂಕಣಕಾರರಿಗೆ ತಿಳಿಸಿ. ಹಾಗೆಯೇ, ನಲವತ್ತೈದು ದಾಟಿದ ಮೇಲೆ ಹೊಸದೊಂದನ್ನು ಕಲಿಯಲು ತೊಡಗಿದ ಓದುಗರು, ಅದು ನೇಯ್ಗೆಯಿರಲಿ, ಈಜಿರಲಿ, ತಬಲಾ ಇರಲಿ, ತಮ್ಮ ಅನುಭವ ಬರೆಯಲು ಪುರವಣಿಯಲ್ಲಿ ವಾರಕ್ಕೊಂದು ಕಾಲಂ ಮೀಸಲಿಡುವ ಬಗ್ಗೆ ಯೋಚಿಸಿ. ಕಲಿತು ಪಾರಂಗತರಾದವರಿಗಿಂತ, ಇನ್ನೂ ತಡವರಿಸುತ್ತಿರುವವರ ಬರಹಗಳಿಗೇ ಅಲ್ಲಿ ಆದ್ಯತೆ ಕೊಟ್ಟರೆ ಹೆಚ್ಚು ಜನ ಬರೆಯಲು ಮುಂದೆ ಬರುತ್ತಾರೆ.

ಇಂತಿ ನಿಮ್ಮ ಓದುಗರಲ್ಲೊಬ್ಬಳು,
ಇತಿಹಾಸ ಉಪನ್ಯಾಸಕಿ, ಶಿವಮೊಗ್ಗ